ಲಕ್ಷಕ್ಕೆ ನಾಲ್ಕು

ಕ್ಯಾತಮಾರನಹಳ್ಳಿ, ಬಿಸಿಲು ನೆತ್ತಿಗೆ ಬಂದ ಹೊತ್ತು.
ಹೆಗಲಿಗೆ ಆಸ್ಪತ್ರೆ ಕೊಟ್ಟ ನೀಲಿ ಚೀಲ, ಚೀಲದಲ್ಲಿ ನಮೂನೆ.
ಕದ ತಟ್ಟಿ ಕೇಳುವುದು ನನ್ನ ಕೆಲಸ:
ಕೈ ಸೊರಗಿದವರು ಇದ್ದಾರಾ? ಮಾತು ತೊದಲುವವರು?
ನೀರು ಕುಡಿದರೆ ನೆತ್ತಿಗೇರುವವರು?
ಮೂರು ಸಾವಿರ ಮನೆ ಮುಗಿದಿತ್ತು. ಕಾಲಂ ಖಾಲಿ.

ಖಾಲಿ ಇದ್ದರೆ ಸಂತೋಷಪಡಬೇಕು, ಗೊತ್ತು.
ಆದರೂ ಹುಡುಕುವವಳಿಗೆ ಹುಡುಕಿದ್ದು ಸಿಗಬೇಕು;
ಒಬ್ಬರಾದರೂ ಸಿಗಲಿ ಅಂದುಕೊಂಡೆ ಆ ಮಧ್ಯಾಹ್ನ.
ಇದನ್ನು ವರದಿಯಲ್ಲಿ ಬರೆದಿಲ್ಲ.

ಸಿಕ್ಕಿದಳು ನಿಂಗಾಜಮ್ಮ.
ಮೂವತ್ತೊಂದು ವರ್ಷ ಊದುಬತ್ತಿ ಹೊಸೆದವಳು.
ಈಗ ಮಣೆಯ ಮುಂದೆ ಮಗಳು ಪ್ರಮೀಳಾ,
ತಾಯಿ ಗೋಡೆಗೊರಗಿ ಮೇಲ್ವಿಚಾರಣೆ, ಕಣ್ಣಲ್ಲೇ.
ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಮಾಂಸವನ್ನು
ಯಾರೋ ಚಮಚದಲ್ಲಿ ತೋಡಿಕೊಂಡ ಹಾಗೆ.
ತೋಳಿನ ಚರ್ಮದಡಿ ಮೀನಿನ ಮರಿಗಳ ಮಿಡುಕು.

"ಲಕ್ವ ಅಂತ ಎಣ್ಣೆ ತಿಕ್ಕುದ್ರು.
ಆಮೇಕೆ ಕುತ್ತಿಗೆ ಮೂಳೆ ಸವೆದದೆ ಅಂದ್ರು.
ದೊಡ್ಡಾಸ್ಪತ್ರೇಲಿ ಒಬ್ಬ ಹುಡುಗ ಡಾಕ್ಟ್ರು
ಹೆಸರು ಹೇಳ್ದ. ಹೇಳಿ ನೆಲ ನೋಡ್ದ."
ಮಗಳು ಬಿಡಿಸಿ ಬಿಡಿಸಿ ಹೇಳಿದಳು, ತಾಯಿಯ ನಾಲಗೆಯಿಂದ
ಅಂಟಿದ ಕಡ್ಡಿಗಳನ್ನು ಬಿಡಿಸುವಂತೆ.

"ಎಷ್ಟು ಜನಕ್ಕೆ ಬತ್ತದೆ ಇದು?"

ಲಕ್ಷಕ್ಕೆ ನಾಲ್ಕು, ಅಂದೆ.
ಸಮಾಧಾನದ ದನಿಯಲ್ಲಿ ಅಂದೆ. ಅದೇ ತಪ್ಪು.

ಲಕ್ಷ ಅಂದರೆ ನನಗೆ ಐದು ಸೊನ್ನೆ.
ಅವಳಿಗೆ ಇಪ್ಪತ್ತೈದು ದಿನ.
ದಿನಕ್ಕೆ ನಾಲ್ಕು ಸಾವಿರ, ಇದ್ದಿಲ ಪುಡಿ, ಜಿಗಟು, ಬೆನ್ನು,
ಒಂದೊಂದು ಕಡ್ಡಿಯೂ ಅಂಗೈ ಕೆಳಗೆ ಉರುಳಿದ್ದು.
ಕಣ್ಣು ಮುಚ್ಚಿದಳು. ಎಣಿಸುತ್ತಿದ್ದಾಳೆ ಅನ್ನಿಸಿತು.
ಆಮೇಲೆ ನಿಧಾನ, ಮಗಳು ಬಿಡಿಸದೆಯೂ
ನನಗೆ ತಿಳಿಯುವಷ್ಟು ನಿಧಾನ:
"ಲಕ್ಷದಲ್ಲಿ ನಾಕು ಸೊಟ್ಟ ಅಂದ್ರೆ
ಮೇಸ್ತ್ರಿ ಕಂಡೂ ಕಾಣ್ದಂಗೆ ಕಟ್ಟಿ ಕಳುಸ್ತಾನೆ ಕಣವ್ವ."

ನಕ್ಕಳು. ನಗು ನಿಲ್ಲಿಸಲಾಗಲಿಲ್ಲ ಅವಳಿಗೆ;
ಅದೂ ರೋಗದ್ದೇ, ಹದಿನಾಲ್ಕನೇ ಪ್ರಶ್ನೆ.
ಹೌದು, ಅಂತ ಗುರುತು ಹಾಕಿದೆ.
ನಾನೂ ನಕ್ಕೆ. ನನ್ನದಕ್ಕೆ ಕಾಲಂ ಇರಲಿಲ್ಲ.

ಇದು ಇರುವವರನ್ನಷ್ಟೇ ಎಣಿಸುವ ಲೆಕ್ಕ.
ಬಂದವರು ಬೇಗ ಬೇಗ ಹೋದರೆ
ರೋಗ ಅಪರೂಪದ್ದು ಅನ್ನಿಸಿಕೊಳ್ಳುತ್ತದೆ.

ಯುಗಾದಿ ಕಳೆದು ಪಟ್ಟಿ ಅಚ್ಚಾಯಿತು.
ಮೇಲೆ ಅಂಶ, ಕೆಳಗೆ ಛೇದ,
ನಡುವೆ ಊದುಬತ್ತಿಯಂಥ ಒಂದು ಗೆರೆ, ನೆಟ್ಟಗೆ.
ಅಷ್ಟರಲ್ಲಿ ಅವಳು ಗೆರೆಯ ಮೇಲೂ ಇರಲಿಲ್ಲ,
ಕೆಳಗೂ ಇರಲಿಲ್ಲ.

ಪ್ರಮೀಳಾ ಕೊಟ್ಟ ಕಟ್ಟು ನನ್ನ ಮೇಜಿನ ಮೇಲಿದೆ. ಹಚ್ಚಿಲ್ಲ.
ನಿನ್ನೆ ಬಿಚ್ಚಿ, ಒಂದೊಂದನ್ನೂ ಕಾಗದದ ಮೇಲೆ ಉರುಳಿಸಿದೆ.
ಸೊಟ್ಟದ್ದು ಒಂದೂ ಇರಲಿಲ್ಲ.
ಮತ್ತೊಮ್ಮೆ ಉರುಳಿಸಿದೆ.