ಎರಡನೇ ಗೇರು

ಬಂಗಾರಪೇಟೆಯ ಸೇಟು ದಾಟಿಸಿದ ಸ್ವಿಫ್ಟು,
ಹನ್ನೊಂದರ ಮಾಡಲ್ಲು, ಡೀಸೆಲ್ಲು.
ಮೀಟರು ಎಂಬತ್ತು ಸಾವಿರ ಅನ್ನುತ್ತೆ,
ಸವೆದ ಪೆಡಲಿನ ರಬ್ಬರು ಎರಡು ಲಕ್ಷ ಅನ್ನುತ್ತೆ.
ನಾನು ಪೆಡಲನ್ನೇ ನಂಬಿದೆ. ಆದರೂ ಕೊಂಡೆ.
ಹಿಂದಿನ ಸೀಟಲ್ಲಿ ಡೋಲು ಅಡ್ಡ ಕೂರುತ್ತಿತ್ತಲ್ಲ,
ಅದಕ್ಕೆ.

ಸಮತಟ್ಟಲ್ಲಿ ತಕರಾರಿಲ್ಲ.
ಏರು ಬಂತೋ,
ಕಾಲು ಅದುಮಿದಷ್ಟೂ ಕಪ್ಪು ಹೊಗೆ.
ಮೂರನೇ ಗೇರಲ್ಲಿ ಮುಕ್ಕರಿಯುತ್ತೆ,
ಎರಡಕ್ಕೆ ಇಳಿಸಿದರೆ ಮುನಿದ ಭಾವನ ಹಾಗೆ
ಬರ್ತೀನಿ ಅನ್ನಲ್ಲ, ಬರಲ್ಲ ಅನ್ನಲ್ಲ.

ತೇರಹಳ್ಳಿ ಬೆಟ್ಟದ ಮೇಲೊಂದು ಮದುವೆ,
ಆರೂಕಾಲಿಗೆ ಮುಹೂರ್ತ.
ಮೂರನೇ ತಿರುವಲ್ಲಿ ಡೋಲಿನ ಗಂಗುಲಪ್ಪ,
ತಾಳದ ಹುಡುಗ, ಇಬ್ಬರೂ ಇಳಿದು ತಳ್ಳಿದರು.
ಹುಲ್ಲಿನ ಹೊರೆ ಹೊತ್ತ ಹೆಂಗಸೊಬ್ಬಳು
ನಮ್ಮನ್ನು ದಾಟಿ, ಹೊರೆ ಸಮೇತ ತಿರುಗಿ, ನಕ್ಕಳು.
ನಾವು ಮುಟ್ಟುವಷ್ಟರಲ್ಲಿ ತಾಳಿ ಕಟ್ಟಿ ಆಗಿತ್ತು.
ಯಾರದೋ ಮೊಬೈಲು ಗಟ್ಟಿಮೇಳ ನುಡಿಸಿ
ಜೇಬಿಗೆ ಹೋಗಿ ಕೂತಿತ್ತು.
ಹೆಣ್ಣಿನ ಅಪ್ಪ ಬೈಯಲಿಲ್ಲ.
ಅರ್ಧ ದುಡ್ಡು, ಪೂರ್ತಿ ಊಟ.
ಪಾಯಸ ಗಂಟಲಲ್ಲಿ ಇಳಿಯಲಿಲ್ಲ.

ಟಮಕದ ಶೆಡ್ಡಿನವನು ಡೀಸೆಲ್ ಫಿಲ್ಟರು ಬಿಚ್ಚಿ
ಬಾಟಲಿಗೆ ಬಸಿದ. ತಳದಲ್ಲಿ ಬೆರಳು ದಪ್ಪ ನೀರು.
"ಇಷ್ಟೇ ಕಾಯಿಲೆ" ಅಂದ.
ಎರಡು ದಿನ ನಾನೂ ಹಾಗೇ ಅಂದುಕೊಂಡೆ.
ಡೂಂ ಲೈಟ್ ಸರ್ಕಲ್ಲಿನವನು ಲ್ಯಾಪ್‌ಟಾಪು ಸಿಕ್ಕಿಸಿ,
ಪರದೆಯನ್ನು ನನ್ನ ಕಡೆ ತಿರುಗಿಸದೆ,
"ಟರ್ಬೋ ಹೋಗಿದೆ, ಮೂವತ್ತೆಂಟು ಸಾವಿರ" ಅಂದ.
ಮೂವತ್ತೆಂಟು ಸಾವಿರಕ್ಕೆ ಎಷ್ಟು ಮುಹೂರ್ತ,
ಎಷ್ಟು ಮೆರವಣಿಗೆ, ಎಷ್ಟು ತಿಥಿಯೂಟದ ನಂತರದ ದೇವರನಾಮ?
ಲೆಕ್ಕ ಹಾಕುತ್ತ ಎರಡನೇ ಗೇರಲ್ಲೇ ಮನೆ ಸೇರಿದೆ.

ಕ್ಲಾಕ್ ಟವರಿನ ಹಿಂದಿನ ಗಲ್ಲಿಯಲ್ಲಿ ಇನಾಯತ್.
ಬೋರ್‌ವೆಲ್ ಲಾರಿಯ ಕಂಪ್ರೆಸರಿನ ಪಕ್ಕ
ಇಪ್ಪತ್ತು ವರ್ಷ ನಿಂತು ಎಡಗಿವಿ ಕಳಕೊಂಡವನು.
ಬಾನೆಟ್ ಎತ್ತಿ ಸುಮ್ಮನೆ ನೋಡಿದ.
"ಊದೋನು ನೀನೇ ಅಲ್ವಾ? ಬಾ, ಕಿವಿ ಕೊಡು."

ಗಂಗುಲಪ್ಪ ಒಳಗೆ ಕೂತು ಆಕ್ಸಿಲೇಟರ್ ಒತ್ತಿದ.
ಇಂಜಿನ್ನಿನ ಗದ್ದಲದ ಅಡಿಯಲ್ಲಿ
ನನಗೆ ಗುರುತಿರುವ ಒಂದು ಸದ್ದು:
ಜೀವಾಳಿ ಸೀಳಿದಾಗ
ಊದಿದ್ದರಲ್ಲಿ ಅರ್ಧ ಸ್ವರವಾಗಿ
ಅರ್ಧ ಕೆನ್ನೆಯ ಪಕ್ಕದಲ್ಲೇ ಸೋರಿಹೋಗುವ
ಆ ಸ್‌ಸ್.
ಮೆಲ್ಲಗೆ ಊದಿದರೆ ತಿಳಿಯಲ್ಲ,
ಮೇಲಕ್ಕೆ ಏರುವಾಗಲೇ ಕೈಕೊಡುತ್ತೆ.
"ಇಲ್ಲಿ" ಅಂದೆ.
ಬೆರಳ ತುದಿಗೆ ಕಪ್ಪು ರಬ್ಬರಿನ ಒಂದು ಮೊಣಕೈ.

ಇನಾಯತ್ ಸೋಪಿನ ನೀರು ಹಚ್ಚಿದ.
ಇಂಜಿನ್ ನಿಂತಿರುವಾಗ ಏನೂ ಇಲ್ಲ.
ಒತ್ತಿದರೆ, ಕ್ಲಾಂಪಿನ ಅಡಿ ಒಂದು ಗುಳ್ಳೆ,
ಇನ್ನೊಂದು, ಆಮೇಲೆ ನೊರೆಯೋ ನೊರೆ.
ಪೈಪು ಬಿಚ್ಚಿ ಮಡಿಸಿದಾಗ ಸೀಳು ತುಟಿ ತೆರೆಯಿತು,
ಬಿಟ್ಟರೆ ಮುಚ್ಚಿತು, ತನಗೇನೂ ಗೊತ್ತಿಲ್ಲದ ಹಾಗೆ.
"ಟರ್ಬೋ ಪಾಪ ಊದ್ತಾನೇ ಇತ್ತು.
ಅತ್ತ ಸೇರಬೇಕಲ್ಲ."

ಪೈಪು ಏಳುನೂರ ನಲವತ್ತು, ಕ್ಲಾಂಪು ಎರಡಕ್ಕೆ ಅರವತ್ತು.
ಕೂಲಿ ಇನ್ನೂರು,
ಕಿವಿಯ ಬಾಡಿಗೆ ಐವತ್ತು ಕಳೆದು
ನೂರೈವತ್ತು ತಗೊಂಡ.

ಸಂಜೆ ಯಾವ ಮದುವೆಯೂ ಇಲ್ಲದೆ ಬೆಟ್ಟಕ್ಕೆ ಹೊರಟೆವು.
ಹೇಳಬೇಕೋ ಬೇಡವೋ,
ಎರಡು ವರ್ಷವಾಯಿತು, ಮೇಲಿನ ಷಡ್ಜ ನನಗೆ ಸಿಕ್ಕುತ್ತಿಲ್ಲ.
ನಿಷಾದಕ್ಕೆ ಬಂದು, ಎದೆ ಹಿಡಿದು,
ಬೇಕೆಂದೇ ಇಳಿದವನ ಹಾಗೆ ಇಳಿಯುತ್ತೇನೆ.
ಸರಿಯಾಗಿ ಅಲ್ಲೇ ಗಂಗುಲಪ್ಪ
ಡೋಲಿನಲ್ಲೊಂದು ಉರುಳಿಕೆ ಹಾಕಿ ಮುಚ್ಚುತ್ತಾನೆ.
ಇವತ್ತಿನ ತನಕ ನಾನೂ ಕೇಳಿಲ್ಲ,
ಅವನೂ ಹೇಳಿಲ್ಲ.

ಮೊದಲನೇ ತಿರುವು. ಎರಡನೆಯದು.
ಬಂಡೆಗಳು ಹಿಂದಕ್ಕೆ ಸರಿಯುತ್ತಿವೆ, ಹೊಗೆ ಇಲ್ಲ,
ಕೆಳಗೆ ಕೋಲಾರದ ದೀಪ ಒಂದೊಂದೇ ಹತ್ತುತ್ತಿದೆ.
ಮೂರನೇ ತಿರುವು ಕಾಣುತ್ತಲೇ
ಗಾಡಿ ಮೂರನೇ ಗೇರಲ್ಲೇ ಇದ್ದರೂ
ಗಂಗುಲಪ್ಪನ ಕೈ
ತಾನಾಗಿ ಬಾಗಿಲ ಹಿಡಿಗೆ ಹೋಯಿತು.