ಜಪ್ತಿ

ಕಲಂ ಪ್ರಕಾರ ನಾನು ಒಳಗೆ ಬರಬಹುದು.
ಹಗಲು ಹೊತ್ತು, ಗುರುತಿನ ಚೀಟಿ ತೋರಿಸಿ,
ಕರೆಂಟು ಉಣ್ಣುವ ಯಾವ ಜಾಗಕ್ಕಾದರೂ.
ತಡೆದವರಿಗೆ ದಂಡ.
ಇಷ್ಟನ್ನೂ ಬಾಯಿಪಾಠ ಮಾಡಿಕೊಂಡು
ಬೈತಖೋಲದ ಇಳಿಜಾರು ಇಳಿದು ಬಂದರೆ
ಐಸ್ ಪ್ಲಾಂಟಿಗೆ ಬಾಗಿಲೇ ಇರಲಿಲ್ಲ.
ಗೋಣಿಯ ಪರದೆ, ಅದರಡಿಯಲ್ಲಿ ಹರಿದು ಬರುವ ನೀರು,
ನೀರಿನಲ್ಲಿ ತಾರ್ಲೆಯ ಬೆಳ್ಳಿ ಹುರುಪೆ.

"ಬನ್ನಿ ಮೇಡಂ, ಜಾರ್ತದೆ" ಅಂದಳು ಶೆವಂತಿ ತಾಂಡೇಲ.
ಮಾಲಕಿ ಅಲ್ಲ, ಮಾಲಕನ ತಂಗಿಯೂ ಅಲ್ಲ,
ಇಪ್ಪತ್ತೆರಡು ವರ್ಷದಿಂದ ಐಸಿನ ಲೆಕ್ಕ ಬರೆಯುವವಳು.
ಮಾಲಕ ಅಂಕೋಲೆಗೆ ಹೋಗಿದ್ದಾನಂತೆ.
ನಾನು ಬರುವ ದಿನ ಎಲ್ಲ ಮಾಲಕರೂ ಅಂಕೋಲೆಗೆ ಹೋಗಿರುತ್ತಾರೆ.

ಮೋಟಾರಿನ ಹಣೆಪಟ್ಟಿಗೆ ಬಣ್ಣ ಬಳಿದಿತ್ತು.
ಉಗುರಿನಿಂದ ಕೆರೆದೆ, ಹುಟ್ಟಿದ ವರ್ಷ ಕಂಡಿತು:
ನನಗಿಂತ ಎರಡು ವರ್ಷ ದೊಡ್ಡದು.
ನಾಲ್ಕು ಸಲ ವೈಂಡಿಂಗ್ ಆದ ಹೊಟ್ಟೆ,
ಮುಟ್ಟಿದರೆ ಜ್ವರ.
ಅದರ ಮೈಮೇಲೆ ಯಾರೋ ಅಂಟಿಸಿದ್ದಾರೆ
ಐದು ನಕ್ಷತ್ರದ ಚೀಟಿ,
ಯಾವುದೋ ಫ್ರಿಜ್ಜಿನಿಂದ ಬಿಡಿಸಿ ತಂದದ್ದು.
"ಹುಡುಗರು. ಚಂದ ಕಾಣ್ಲಿ ಅಂತ" ಅಂದಳು, ನಗದೆ.

ಚಳಿ ಎಲ್ಲಿ ಸೋರುತ್ತದೆಂದು ಹುಡುಕಲು
ಸರ್ಕಾರ ನನಗೊಂದು ಕ್ಯಾಮೆರಾ ಕೊಟ್ಟಿದೆ,
ಬೆಲೆ ನನ್ನ ಆರು ತಿಂಗಳ ಸಂಬಳ.
ಗಾಜು ಒರೆಸಿ, ಉಪ್ಪುನೀರಿನ ತೊಟ್ಟಿಗೆ ಗುರಿಯಿಟ್ಟರೆ
ನೀಲಿ ಕಲೆಯ ನಟ್ಟನಡುವೆ
ಕೆಂಪಗೆ ಒಂದು ನಾಯಿ.
ಏಪ್ರಿಲ್ಲಿನ ಬೇಗೆಯಲ್ಲಿ, ಕಂಪ್ರೆಸರಿನ ಆರ್ಭಟದ ಪಕ್ಕ,
ಕಂಚುಗಾರನ ಮನೆಯದರ ಹಾಗೆ ಸದ್ದಿಗೆ ಕಿವಿ ಅಲ್ಲಾಡಿಸದೆ,
ತೆಂಗಿನ ಸಿಪ್ಪೆ ತುರುಕಿ ಮುಚ್ಚಿದ ಬಿರುಕಿಗೆ
ಬೆನ್ನು ಕೊಟ್ಟು ಮಲಗಿದೆ.
"ಮೂರು ಬೇಸಗೆಯಿಂದ ಅಲ್ಲೇ."
ಮೂರು ಬೇಸಗೆ. ನಿಂತಲ್ಲೇ ಗುಣಿಸಿದೆ.
ಕಾಳಿಯ ಮೇಲುಗಡೆ ಅಷ್ಟು ನೀರು ಬಾಗಿಲು ದಾಟಿ
ಚಕ್ರ ತಿರುಗಿಸಿ, ತಂತಿ ಹಿಡಿದು ಇಲ್ಲಿಗೆ ಬಂದದ್ದು
ಈ ಬೆನ್ನು ತಣ್ಣಗಿಡಲು.
ಫಾರಮ್ಮಿನಲ್ಲಿ ಒಂದು ಕಾಲಂ ಇದೆ: ಪತ್ತೆಯಾದ ವಿಧಾನ.
ಖಾಲಿ ಬಿಟ್ಟೆ.

ಚೀಲದಲ್ಲಿ ಅರಗಿದೆ, ದಾರವಿದೆ, ಹಿತ್ತಾಳೆಯ ಮುದ್ರೆ.
ಸ್ವಿಚ್ಚಿನ ಪೆಟ್ಟಿಗೆಗೆ ದಾರ ಸುತ್ತಿ
ನಾಲ್ಕು ಹನಿ ಕೆಂಪು ಬಿಟ್ಟು ಒತ್ತಿದರೆ ಆಯಿತು,
ಇಲ್ಲಿನ ಚಳಿ ನಿಲ್ಲುತ್ತದೆ.
ಕಡ್ಡಿಪೆಟ್ಟಿಗೆಯನ್ನು ಶೆವಂತಿಯೇ ತಂದಿಟ್ಟಳು.
ಬೇಡಲಿಲ್ಲ, ಕಣ್ಣೊರೆಸಲಿಲ್ಲ, ಚಾ ತರಿಸಲಿಲ್ಲ.
ಪುಸ್ತಕ ತೆರೆದು ಓದಿದಳು:
"ಬೆಳಗಿನ ನಾಲ್ಕಕ್ಕೆ ಹನ್ನೊಂದು ಬೋಟು,
ನೂರಾ ಎಂಬತ್ತು ಬ್ಲಾಕು.
ನೀವು ಸೀಲು ಹಾಕಿ. ಅವರಿಗೆ ಫೋನ್ ಮಾಡ್ಬೇಕಲ್ಲ,
ಅದಕ್ಕೆ ಕೇಳ್ತೆ. ಎಷ್ಟೊತ್ತಿಗೆ ಹಾಕ್ತ್ರಿ?"

ಕಾನೂನಿನಲ್ಲಿ 'ಹಾಕಬಹುದು' ಎಂದಿದೆ.
'ತಕ್ಕದ್ದು' ಎಂದಿಲ್ಲ.
ಆ 'ಬಹುದು' ಎಷ್ಟು ಭಾರವೆಂದು
ತರಬೇತಿಯಲ್ಲಿ ಯಾರೂ ತೂಗಿ ತೋರಿಸಿರಲಿಲ್ಲ.

ನೋಟೀಸು ಬರೆದೆ: ಬಿರುಕಿಗೆ, ಮೋಟಾರಿಗೆ, ಇಪ್ಪತ್ತೊಂದು ದಿನ.
ದಂಡ ಬೇರೆ, ಅದನ್ನು ಬಿಡಲಿಲ್ಲ.
ಆಮೇಲೆ ಬಗ್ಗಿ, ಮೂಲೆಯಿಂದ ನಿಧಾನ,
ಆ ಚೀಟಿಯನ್ನು ಹರಿಯದಂತೆ ಕಿತ್ತೆ.
ಮಹಜರಿನಲ್ಲಿ ದಾಖಲಾಯಿತು:
ಜಪ್ತಿ ಮಾಡಿದ ಸ್ವತ್ತು, ನಕ್ಷತ್ರ, ಐದು.
ಒದ್ದೆ ಕೈಯಲ್ಲೇ ಶೆವಂತಿ ಸಹಿ ಹಾಕಿದಳು,
ಶಾಯಿ ಹಬ್ಬಿ ಅವಳ ಹೆಸರು ನನ್ನ ಹೆಸರಿಗೆ ತಾಗಿತು.

ಇಪ್ಪತ್ತೊಂದು ದಿನಕ್ಕೆ ಮತ್ತೆ ಬರುತ್ತೇನೆ.
ಕ್ಯಾಮೆರಾ ಚೀಲದಲ್ಲೇ ಇರಲಿ.
ಮೊದಲು ನೋಡುವುದು
ನಾಯಿ ಎಲ್ಲಿ ಮಲಗಿದೆ ಎಂದು.