ತೂಕದ ಚೀಟಿ

ಸಂಜೆ ಐದಕ್ಕೆ ಕಲಬುರಗಿ ಗಂಜಿನಲ್ಲಿ ಹರಾಜು ಮುಗಿದಿತ್ತು,
ತೊಗರಿಯ ಧೂಳು ಇನ್ನೂ ಕೆಳಗಿಳಿದಿರಲಿಲ್ಲ.
ಹೆಲ್ಮೆಟ್ಟು, ಹಾರ್ನೆಸ್ಸು, ಬೆನ್ನಿಗೆ ಮಡಚಿದ ರೆಕ್ಕೆ,
ಎರಡು ಲೀಟರ್ ನೀರು, ದಪ್ಪ ಬೂಟು ಸಮೇತ
ಕಾಟಾದ ಮೇಲೆ ಹತ್ತಿ ನಿಂತೆ.
ಹಮಾಲರು ಬೀಡಿ ಆರಿಸಿ ನೋಡಿದರು.
"ಇದ್ಯಾವ ಮಾಲ್ರಿ?" ಅಂದ ಮಲ್ಕಣ್ಣ.
ಖಾಜಾಸಾಬ ನಗಲಿಲ್ಲ.
ಮೂವತ್ತು ವರ್ಷ ಮೊದಲು ಮುಳ್ಳು,
ಆಮೇಲೆ ಮುಖ ನೋಡಿದವನು.
"ನೂರಾ ಮೂರು."

ಸೀಟಿನ ಕೆಳಗಿನ ಚೀಲದಲ್ಲಿ ಇನ್ನೊಂದು ಛತ್ರಿಯಿದೆ,
ಎಂದೂ ಬಿಚ್ಚದಿರಲಿ ಅಂತಲೇ ಹೊತ್ತು ತಿರುಗುವ ಛತ್ರಿ.
ಅದರ ಅಂಚಿಗೆ ಹೊಲಿದ ಬೆರಳುದ್ದದ ಬಿಳಿ ಪಟ್ಟಿ:
ಇಎನ್ ೧೨೪೯೧. ಗರಿಷ್ಠ ಭಾರ ನೂರು ಕಿಲೋ.
ಎಲ್ಲೋ ದೂರದ ಕೆರೆಯ ಮೇಲೆ
ಅಷ್ಟು ಭಾರ ಕಟ್ಟಿ ಇದರಂಥದ್ದನ್ನು ಇಳಿಸಿದ್ದಾರೆ,
ಸೆಕೆಂಡಿಗೆ ಐದೂವರೆ ಮೀಟರ್ ಮೀರಬಾರದು;
ಜೋರಿನಲ್ಲಿ ಎಸೆದು ದಾರ ಹರಿಯುತ್ತದಾ ನೋಡಿದ್ದಾರೆ,
ತೆರೆಯಲು ಹಿಡಿದ ಹೊತ್ತನ್ನು ಎಣಿಸಿದ್ದಾರೆ.

"ಐದೂವರೆ ಅಂದ್ರ ಎಷ್ಟವಾ?"
ಲೆಕ್ಕ ಹಾಕಿ ಹೇಳಿದೆ:
ಐದಡಿ ಮೇಲಿಂದ ಧುಮುಕಿದರೆ
ಪಾದಕ್ಕೆ ಎಷ್ಟು ಜೋರಾಗಿ ನೆಲ ಸಿಗುತ್ತದೋ, ಅಷ್ಟು.
"ಹಂಗಾರ ಧುಮುಕಿ ನೋಡು" ಅಂತ
ಮಲ್ಕಣ್ಣ ಐದು ಚೀಲ ಅಡ್ಡಡ್ಡ ಒಟ್ಟಿದ.

ಧುಮುಕಿದೆ.
ಹಲ್ಲಿಗೆ ಹಲ್ಲು ಬಡಿದು ನಾಲಿಗೆ ಸಿಕ್ಕಿತು.
ಮೊಣಕಾಲು ಸೋತು, ಅಂಗೈ ಊರಿ,
ಬಾಯಿತುಂಬ ಹೊಟ್ಟು, ಉಪ್ಪುಪ್ಪು ರಕ್ತ.
ಇದು ಪರೀಕ್ಷೆಯಲ್ಲಿ ಪಾಸಾದ ಬೀಳುವಿಕೆ.
ಸುರಕ್ಷಿತ ಅನ್ನುವುದು ಇದಕ್ಕೇ.
ಮೆತ್ತಗೆ ಅಂತ ಪಟ್ಟಿ ಎಲ್ಲೂ ಬರೆದಿಲ್ಲ,
ಓದಿಕೊಂಡದ್ದು ನಾನೇ.

"ಮೂರು ಕಿಲೋ ಏನ್ ಮಹಾ," ಅಂದ ಮಲ್ಕಣ್ಣ,
"ಇಲ್ಲಿ ಚೀಲಕ್ಕ ಸೂಟು ಅಂತ ಅಷ್ಟು ತೆಗೀತಾರ."
ಖಾಜಾಸಾಬ ಅವನ ಕಡೆ ತಿರುಗಿದ:
"ಕೆಳಗ ತೆಗೀತೀವಲೇ.
ಮ್ಯಾಲ ಯಾರು ತೆಗೀತಾರ?"

ನನ್ನ ಭಯ ಮಾತ್ರ ಆ ಮೂರು ಕಿಲೋದ್ದಲ್ಲ.
ಕೆರೆಯ ಮೇಲೆ ಪಾಸಾದದ್ದು ಇದಲ್ಲ, ಇದರ ಅಕ್ಕ.
ಅವಳು ಹೊಸಬಳು, ಒಣಗಿದ್ದಳು,
ಎಸೆದ ಕೈ ನಡುಗಿರಲಿಲ್ಲ.
ಇವಳನ್ನು ನಾನು ಕೊಂಡದ್ದು ಮತ್ತೊಬ್ಬರ ಕೈಯಿಂದ;
ಕಳೆದ ಮಳೆಗಾಲ ಅಲ್ಮಾರಿಯಲ್ಲಿ ಕಳೆದಳು,
ಮಡಿಕೆ ಬಿಚ್ಚಿ ಗಾಳಿಗೆ ಹರವಿ
ಹದಿನಾಲ್ಕು ತಿಂಗಳಾಯಿತು.
ಚಿಂಚೋಳಿ ಗುಡ್ಡದ ಮೇಲೆ ರೆಕ್ಕೆ ಮುದುಡಿ
ಆಕಾಶ ತಿರುಗಣಿಯಾದಾಗ
ಬಲಗೈ ಆ ಕೆಂಪು ಹಿಡಿಯನ್ನು ಹುಡುಕುತ್ತದಾ?
ಅದಕ್ಕೆ ಯಾವ ನಂಬರೂ ಇಲ್ಲ.

ಖಾಜಾಸಾಬ ಕಾಟಾದ ಪಕ್ಕ ಬೆರಳಿಟ್ಟು ತೋರಿಸಿದ:
ಸೀಸದ ಮುದ್ರೆ, ಈ ವರ್ಷದ್ದು.
"ಸಾಹೇಬ್ರು ಒಂದ್ಸಲ ಬಂದು ಒತ್ತಿ ಹೋಗ್ತಾರ.
ಉಳಿದ ದಿನ ಮುಂಜಾನೆ ತಟ್ಟೆ ಒರೆಸಿ
ಮುಳ್ಳು ಸೊನ್ನಿಗೆ ಬಂತಾ ನೋಡೋನು ನಾ."

ಆಮೇಲೆ ಕಾಟಾದ ರಸೀದಿ ಹರಿದುಕೊಟ್ಟ.
ಪುಸ್ತಕದಲ್ಲಿ ಅಚ್ಚಾದದ್ದು ಒಂದೇ ಮಾಲು:
ತೊಗರಿ.
ತೂಕ, ೧೦೩. ದರ, ಖಾಲಿ.

ಆ ರಾತ್ರಿ ಮನೆಯ ಮಾಳಿಗೆ ಮೇಲೆ
ನೂರಿಪ್ಪತ್ತರ ಛತ್ರಿಗೆ ಹಣ ಎಣಿಸುತ್ತಾ
ಹಳೆಯದನ್ನು ಹರವಿದೆ.
ಮುಗ್ಗಲು ವಾಸನೆ ಗಾಳಿಗೆ ಬಿದ್ದಿತು.
ಬಟ್ಟೆ ಒಮ್ಮೆ ಉಬ್ಬಿ,
ನನ್ನನ್ನು ಎರಡು ಹೆಜ್ಜೆ ಎಳೆದು,
ಸುಮ್ಮನಾಯಿತು.